ಅಡುಗೆಮನೆಯ ಚಿಲಕ

ನಮ್ಮ ಮನೆಯಲ್ಲಿ ಯಾರಿಗೆ ಹೊಟ್ಟೆ ಕೆಟ್ಟರೂ ತಾಯಮ್ಮತ್ತೆ ಮೊದಲು ಮಾಡುತ್ತಿದ್ದ ಕೆಲಸ ಅಡುಗೆಮನೆಯ ಬಾಗಿಲೆಳೆದು ಚಿಲಕ ಹಾಕುವುದು. ಏನು ತಿಂದೆ, ಎಷ್ಟು ಸಲ ಹೋದೆ ಎಂಬ ವಿಚಾರಣೆಯೆಲ್ಲ ಆಮೇಲೆ. ಬಾಗಿಲಿನ ಮೇಲ್ತುದಿಯಲ್ಲಿದ್ದ ಆ ಕಬ್ಬಿಣದ ಚಿಲಕಕ್ಕೆ ಮಕ್ಕಳ ಕೈ ಎಟುಕುತ್ತಿರಲಿಲ್ಲ; ಕೈ ಎಟುಕುವ ದೊಡ್ಡವರೂ ಅವಳು ಹಾಕಿದ್ದನ್ನು ತೆಗೆಯುತ್ತಿರಲಿಲ್ಲ. ಅದು ಬಿದ್ದ ಸದ್ದು ಕೇಳಿದರೆ ಶಿಕ್ಷೆ ಶುರುವಾಯಿತೆಂದು ನಮಗೆ ಗೊತ್ತಾಗುತ್ತಿತ್ತು. ಅತ್ತೆ ಅದನ್ನು ಶಿಕ್ಷೆ ಅನ್ನುತ್ತಿರಲಿಲ್ಲ, ಲಂಘನ ಅನ್ನುತ್ತಿದ್ದಳು. "ಒಣಗ್ಲಿ ಬುಡು. ಹೊಟ್ಟೆಗೂ ಬುದ್ಧಿ ಬರ್ಲಿ."

ಅವಳು ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ಬೂದಿಗೆರೆಯ ತವರಿಗೆ ಬಂದವಳು, ನನ್ನ ತಾಯಿಯೂ ಹೋದ ಮೇಲೆ ನನ್ನನ್ನು ಸಾಕಿದಳು. ಕುಳ್ಳು, ಅಗಲ ಅಂಗೈ, ಕೆನ್ನೆಯಲ್ಲಿ ಸದಾ ಎಲೆ ಅಡಿಕೆ. ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಹೋಗಿ ಸಗಣಿಯನ್ನು ಕಾಲಿನ ತುದಿಯಿಂದ ತಿರುವಿ ನೋಡಿ ಹಸುವಿನ ಯೋಗಕ್ಷೇಮ ತಿಳಿದುಕೊಳ್ಳುತ್ತಿದ್ದಳು. ನಮ್ಮನ್ನೂ ಅಷ್ಟೇ ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸುತ್ತಿದ್ದಳು. "ಬಾಯಿ ಹೇಳೋದನ್ನ ಯಾವಳು ಕೇಳ್ತಾಳೆ? ಕಕ್ಕಸು ನೋಡಿದ್ರೆ ಗೊತ್ತಾಗುತ್ತೆ."

ನನಗೆ ಹತ್ತು ವರ್ಷವಿದ್ದಾಗ ಅವರೆಕಾಯಿ ಕಾಲದಲ್ಲಿ ಒಮ್ಮೆ ಹೊಟ್ಟೆ ಕೆಟ್ಟಿತು. ಎರಡು ದಿನ ಜೀರಿಗೆ ನೀರು ಬಿಟ್ಟು ಬೇರೇನೂ ಇಲ್ಲ. ಎರಡನೆಯ ದಿನ ಮಧ್ಯಾಹ್ನ ಅತ್ತೆ ನನ್ನೆದುರಿಗೇ ತಟ್ಟೆ ಇಟ್ಟುಕೊಂಡು ಕೂತಳು. ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು. ನಾನು ಮುಖ ತಿರುಗಿಸಿದರೆ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ನೋಡ್ತಾ ಕುಂತ್ಕೊ. ಎಂಗಿದೆ ವಾಸನೆ?"

"ಅತ್ತೆ, ಒಂದೇ ಒಂದು ತುತ್ತು..."

"ಒಂದು ತುತ್ತಾ? ಮೊನ್ನೆ ಒಂದು ಸೇರು ತಿಂದಾಗ ಲೆಕ್ಕ ಇರ್ಲಿಲ್ವಾ ತಾಯಿ?"

ಮೂರನೆಯ ದಿನ ರಾಗಿ ಗಂಜಿ ಮಾಡಿ, ತೊಡೆಯ ಮೇಲೆ ಕೂರಿಸಿಕೊಂಡು ತಾನೇ ಕುಡಿಸಿದಳು. ಆ ಗಂಜಿಯಷ್ಟು ರುಚಿಯಾದದ್ದನ್ನು ನಾನು ಮತ್ತೆಲ್ಲೂ ಉಂಡಿಲ್ಲ. ಇದು ಪ್ರೀತಿಯ ನೆನಪೋ, ಹಸಿವಿನ ನೆನಪೋ, ನನಗೆ ಈಗಲೂ ಬಿಡಿಸಿ ಹೇಳಲಾಗದು. ಆದರೆ ಹೊಟ್ಟೆ ವಾಸಿಯಾಗಿತ್ತು. ಪ್ರತಿ ಸಲವೂ ವಾಸಿಯಾಗುತ್ತಿತ್ತು. ಅವಳೆದುರು ಮಾತಾಡುವ ಧೈರ್ಯ ಯಾರಿಗೂ ಬಾರದೆ ಇದ್ದದ್ದು ಅದಕ್ಕೇ.

ವಿಮಾನ ನಿಲ್ದಾಣದ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ ನಮ್ಮ ಮಾಳಿಗೆಯ ಕೋಣೆಗಳಲ್ಲಿ ಅಲ್ಲಿನ ಎಂಜಿನಿಯರೊಬ್ಬರ ಸಂಸಾರ ಬಾಡಿಗೆಗಿತ್ತು. ಕೆಲಸ ಮುಗಿದು ಹೊರಡುವಾಗ ಅವರು ತಮ್ಮ ಬಿಳಿ ಮೊಲವನ್ನು ಪಂಜರದ ಸಮೇತ ನನಗೆ ಕೊಟ್ಟು ಹೋದರು. ನಾನು ಆಗ ಎಂ.ಎ. ಮುಗಿಸಿ ದೇವನಹಳ್ಳಿಯ ಕಾಲೇಜೊಂದರಲ್ಲಿ ಅರೆಕಾಲಿಕ ಪಾಠ ಹೇಳುತ್ತಿದ್ದೆ. ಇಪ್ಪತ್ತಾರಾದರೂ ಮದುವೆಯಾಗಿರಲಿಲ್ಲ. ಮೊಲಕ್ಕೆ ನಾನು ಬೆಣ್ಣೆ ಎಂದು ಹೆಸರಿಟ್ಟರೆ ಅತ್ತೆ ಬೇರೆಯದೇ ಹೆಸರಿಟ್ಟಳು. ಬಂದವರೆದುರೆಲ್ಲ, "ನಮ್ಮ ಹುಡುಗಿ ಗಂಡ ನೋಡಿ, ಪಂಜರದಾಗೆ ಕುಂತವ್ನೆ. ವರದಕ್ಷಿಣೆ ಕೇಳಲ್ಲ, ಕುಡಿಯಲ್ಲ, ಹೊಡಿಯಲ್ಲ," ಅನ್ನುತ್ತಿದ್ದಳು. ಬಂದವರು ನಗುತ್ತಿದ್ದರು. ನಾನೂ ನಗುತ್ತಿದ್ದೆನೆಂದು ಆಗ ಬರೆಯುತ್ತಿದ್ದ ನನ್ನ ದಿನಚರಿ ಹೇಳುತ್ತದೆ.

ಒಂದು ಬೆಳಿಗ್ಗೆ ಪಂಜರ ಗುಡಿಸುತ್ತಿದ್ದ ಅತ್ತೆ ಕೂಗಿದಳು: "ಲೇ, ನಿನ್ ಗಂಡ ಹಿಕ್ಕೆ ಹಾಕಿಲ್ಲ ಕಣೇ."

ಬೆಣ್ಣೆ ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು ಕೂತಿತ್ತು. ಹಲ್ಲು ಕಡಿಯುವ ಸಣ್ಣ ಸದ್ದು ಕೇಳುತ್ತಿತ್ತು. ಹೊಟ್ಟೆ ಮುಟ್ಟಿದರೆ ಗಟ್ಟಿ. ಹಿಂದಿನ ದಿನ ತೋಟದ ದ್ರಾಕ್ಷಿಯನ್ನು ಒಂದೊಂದಾಗಿ ಇಡೀ ಗೊಂಚಲು ತಿನ್ನಿಸಿದ್ದು ನಾನೇ. ಅದು ಮುಂಗಾಲೆತ್ತಿ ಬೇಡುವುದನ್ನು ನೋಡುವ ಆಸೆಗೆ.

"ದ್ರಾಕ್ಷಿ ಇಕ್ಕಿದ್ದೀಯ. ಬೀಜ ಬಿದ್ದವೆ ನೋಡು. ಸಾಯಿಸ್ಬೇಕು ಅಂದ್ಕೊಂಡ್ರೆ ನಾನು ಕುಡ್ಗೋಲು ಕೊಡ್ತಿರ್ಲಿಲ್ವಾ?"

ಅವಳು ಪಂಜರದಲ್ಲಿದ್ದ ಹುಲ್ಲನ್ನೆಲ್ಲ ತೆಗೆದಳು. ಅಂಗೈಗೆ ಬಿಸಿ ಹರಳೆಣ್ಣೆ ಸವರಿಕೊಂಡು ಮೊಲವನ್ನು ಮಡಿಲಲ್ಲಿಟ್ಟು ಹೊಟ್ಟೆ ನೀವಿದಳು. ಎಷ್ಟು ಹೊತ್ತು ನೀವಿದಳೆಂದರೆ ನಾನು ಕಾಲೇಜಿಗೆ ಹೊರಡಲು ಸಿದ್ಧವಾಗುವವರೆಗೂ ಹಾಗೇ ಕೂತಿದ್ದಳು. ಬೈಗುಳ ಮಾತ್ರ ನಿಂತಿರಲಿಲ್ಲ. ಬೆಚ್ಚಗಿರಲೆಂದು ಪಂಜರದೊಳಗೆ ಗೋಣಿಚೀಲ ಹಾಸಿ ಅದನ್ನು ಅಡುಗೆಮನೆಯ ಒಲೆಯ ಪಕ್ಕಕ್ಕೆ ಸೇರಿಸಿದಳು. "ನಾಳೆವರೆಗೆ ಏನೂ ಇಕ್ಕಂಗಿಲ್ಲ."

ಮಧ್ಯಾಹ್ನ ನಾನು ಪಶು ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕಂಡೆ. ಅವರು ಕೇಳಿದ ಮೊದಲ ಪ್ರಶ್ನೆ: "ತಿನ್ನೋಕೆ ಏನಿಟ್ಟಿದ್ದೀರಿ?" ಏನೂ ಇಟ್ಟಿಲ್ಲವೆಂದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಮೊಲನ ಉಪವಾಸ ಕೆಡವಬಾರದು ಕಣಮ್ಮ. ಅದರ ಹೊಟ್ಟೆ ಯಾವಾಗಲೂ ನಡೀತಾ ಇರಬೇಕು. ನಿಂತರೆ ಮತ್ತೆ ಹೊರಡಿಸೋದು ಕಷ್ಟ. ಈಗಲೇ ಹೋಗಿ ಒಣಹುಲ್ಲು, ನೀರು ಮುಂದಿಡಿ. ಮುಟ್ಟದೇ ಇದ್ರೆ ತಡ ಮಾಡದೆ ಇಲ್ಲಿಗೆ ತನ್ನಿ."

ಸಂಜೆ ಬಸ್ಸಿಳಿದವಳು ಹಿತ್ತಲ ಮೆದೆಯಿಂದ ಒಂದು ಹಿಡಿ ಒಣಹುಲ್ಲು ಎಳೆದುಕೊಂಡು ಒಳಗೆ ಬಂದೆ. ಅತ್ತೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ನಡುಮನೆಯಿಂದ ನೋಡಿದರೆ ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಅಂದಿನ ದಿನಚರಿಯಲ್ಲಿ ಹೀಗಿದೆ: "ಚಿಲಕ ಹಾಕಿತ್ತು. ಏನೂ ಮಾಡುವಂತಿರಲಿಲ್ಲ." ನನ್ನ ನೆನಪಿಗಿಂತ ಈ ಬರಹವನ್ನೇ ನಾನು ಬಹಳ ಕಾಲ ನಂಬಿದ್ದೆ.

ಹುಲ್ಲು ಹಿಡಿದೇ ಹೊರಗೆ ಬಂದೆ. ಅತ್ತೆ ಚೊಂಬು ಹಿಡಿದು ಎದುರಾದಳು.

"ಕೈಯಾಗೇನೇ ಅದು?"

"ಏನಿಲ್ಲ."

"ಏನಿಲ್ದೇ ಇರೋದನ್ನ ಹಸೂಗೆ ಹಾಕು, ತಿಂತದೆ."

ನಾನು ಹಾಕಿದೆ. ಹಸು ತಿಂದಿತು. ಡಾಕ್ಟರ ಮಾತಿನ ಬಗ್ಗೆ ನಾನು ಬಾಯಿ ಬಿಡಲಿಲ್ಲ. ಹತ್ತು ವರ್ಷದವಳ ಹೆದರಿಕೆ ಇಪ್ಪತ್ತಾರರಲ್ಲೂ ಇತ್ತೆಂದು ಈಗ ಬರೆಯುವುದು ಸುಲಭ. ಆದರೆ ಬೆಳಗಾಗುವಷ್ಟರಲ್ಲಿ ಅತ್ತೆಯ ಲಂಘನವೇ ಗೆದ್ದು, ನಾನು ಏನನ್ನೂ ಹೇಳಬೇಕಾಗಿ ಬರುವುದಿಲ್ಲ ಎಂಬ ಆಸೆಯೂ ಇತ್ತು.

ಬೆಳಿಗ್ಗೆ ಅದು ಸತ್ತಿತ್ತು. ಗೋಣಿಚೀಲದ ಒಂದು ಮೂಲೆಯನ್ನು ಅಂಗೈಯಗಲ ಕಚ್ಚಿ ತಿಂದಿತ್ತು. ಬಾಯಲ್ಲಿ ಇನ್ನೂ ಒಂದು ಎಳೆ ನೂಲಿತ್ತು. ಪಂಜರದ ಮೂಲೆಯಲ್ಲಿ ಮೆಣಸಿನಕಾಳಿನಷ್ಟು ಸಣ್ಣ ನಾಲ್ಕು ಹಿಕ್ಕೆ. ಅತ್ತೆ ಅವನ್ನು ಎತ್ತಿ ಬೆರಳಲ್ಲಿ ಒತ್ತಿ ನೋಡಿದಳು.

"ಹೊಟ್ಟೆ ಬಿಟ್ಟಿತ್ತು ನೋಡು. ಹಸಿವೂ ಬಂದಿತ್ತು. ನನ್ ಔಸ್ತಿ ಕೆಲ್ಸ ಮಾಡ್ತು. ಅದಕ್ಕೆ ಆಯಸ್ಸು ಇರ್ಲಿಲ್ಲ, ಅಷ್ಟೇಯ."

ಚಕ್ಕೋತ ಗಿಡದ ಬುಡದಲ್ಲಿ ತಾನೇ ಗುಂಡಿ ತೋಡಿದಳು. ಮಣ್ಣು ಎಳೆಯುತ್ತಾ, "ಎರಡು ದಿನ ಮುಂಚೆ ಕೊಟ್ಟಿದ್ರೆ ಸಾರಾದ್ರೂ ಆಗ್ತಿತ್ತು. ಏಳು, ವಿಧವೆ ಥರ ಕುಂತ್ಕೋಬೇಡ," ಅಂದಳು. ಅದನ್ನು ಹೇಳಿದವಳೂ ವಿಧವೆಯೇ.

ಆ ವರ್ಷವೇ ತಲೆಯ ಮೇಲೆ ವಿಮಾನಗಳು ಹಾರತೊಡಗಿದವು. ನನಗೆ ಹೊಸಕೋಟೆಯಲ್ಲಿ ಕೆಲಸವಾಯಿತು, ಮದುವೆಯಾಯಿತು. ಹೋದಾಗಲೆಲ್ಲ ಅತ್ತೆ ನನ್ನ ಗಂಡನನ್ನು ತೋರಿಸಿ, "ಮೊದಲನೇ ಸಂಬಂಧ ಇವರಿಗಿಂತ ಬೆಳ್ಳಗಿತ್ತು," ಅನ್ನುವುದನ್ನು ಬಿಟ್ಟಿರಲಿಲ್ಲ.

ಕೊನೆಗೆ ಕೆಟ್ಟದ್ದು ಅವಳ ಹೊಟ್ಟೆಯೇ. ಕರುಳು ಕಟ್ಟಿಕೊಂಡಿತ್ತು. ಬಾಯಿಗೆ ನೀರು ಕೂಡ ಹಾಕಬಾರದೆಂದು ಆಸ್ಪತ್ರೆಯವರು ಹೇಳಿದ್ದರು. ಮೂಗಿನಲ್ಲಿ ನಳಿಗೆ, ಕೈಗೆ ಡ್ರಿಪ್. ಎರಡನೆಯ ದಿನ ಮಧ್ಯಾಹ್ನ ಪಕ್ಕದ ಮಂಚದವರು ಊಟದ ಡಬ್ಬಿ ಬಿಚ್ಚಿದರು. ಸಾರಿನ ವಾಸನೆ ಹರಡಿತು. ಅತ್ತೆ ಆ ಕಡೆಯೇ ನೋಡುತ್ತಿದ್ದಳು.

"ಒಂದು ತೊಟ್ಟು ಗಂಜಿ ಕೊಡೇ. ನರ್ಸಮ್ಮ ಆ ಕಡೆ ಹೋದ್ಲು."

ನಾನು ಬೇರೇನಾದರೂ ಹೇಳಬಹುದಿತ್ತು. "ಒಣಗ್ಲಿ ಬುಡತ್ತೆ. ಹೊಟ್ಟೆಗೂ ಬುದ್ಧಿ ಬರ್ಲಿ," ಅಂದೆ. ನಗಿಸಲು ಹೇಳಿದೆ ಎಂದು ಆ ದಿನ ಬರೆದುಕೊಂಡಿದ್ದೇನೆ. "ಅತ್ತೆ ನಕ್ಕಳು" ಎಂದೂ ಬರೆದಿದ್ದೇನೆ. ಆ ನಗು ನನಗೆ ನೆನಪಿಲ್ಲ. ನೆನಪಿರುವುದು ಅವಳು ತಲೆ ತಿರುಗಿಸಿ ನನ್ನನ್ನೇ ದಿಟ್ಟಿಸಿದ್ದು.

"ಅವತ್ತು ನೀನು ಹುಲ್ಲು ಹಿಡ್ಕೊಂಡು ಬಂದಿದ್ದೆ. ಡಾಕ್ಟ್ರು ಹೇಳಿದ್ದು, ಅಲ್ವಾ?"

"ಹೌದತ್ತೆ."

ಅವಳು ಕಣ್ಣು ಮುಚ್ಚಿಕೊಂಡಳು. ಮಲಗಿದಳೆಂದುಕೊಂಡೆ.

"ನಾನು ಅವತ್ತು ಚಿಲಕ ಹಾಕಿರ್ಲಿಲ್ಲ ಕಣೇ," ಅಂದಳು.

ಮರುದಿನ ಬೆಳಿಗ್ಗೆ ಹೋದಳು. ಆ ಮಾತು ನಿಜವೋ, ನನ್ನ ಮಾತಿಗೆ ಅವಳು ಹಿಂತಿರುಗಿಸಿದ ಏಟೋ ಕೇಳಲು ಅವಳಿಲ್ಲ. ಅವಳಿಗೆ ಎರಡೂ ಸಾಧ್ಯವಿತ್ತು. ತಿಥಿಯ ದಿನ ಬೂದಿಗೆರೆಯ ಮನೆಯಲ್ಲಿ ನಡುಮನೆಯ ಅದೇ ಜಾಗದಲ್ಲಿ ನಿಂತು ನೋಡಿದೆ. ಅಲ್ಲಿಂದ ಬಾಗಿಲು ಕಾಣುತ್ತದೆ. ಅದರ ಮೇಲ್ತುದಿಗೆ ಅಟ್ಟದ ನೆರಳು ಬಿದ್ದು ಚಿಲಕ ಕಾಣುವುದಿಲ್ಲ. ಹಾಕಿದೆಯೋ ಇಲ್ಲವೋ ತಿಳಿಯಬೇಕಾದರೆ ಹತ್ತು ಹೆಜ್ಜೆ ನಡೆದು ಬಾಗಿಲನ್ನು ಒಮ್ಮೆ ತಳ್ಳಬೇಕು. ಆ ಸಂಜೆ ನಾನು ತಳ್ಳಿರಲಿಲ್ಲ.