ಅಮರಪ್ಪ ಕೋಲು ಆರಿಸಿದ್ದು

ಮೀನು ತಿನ್ನದವನು ಗಾಳದ ಅಂಗಡಿಯಲ್ಲಿ ದಿನಕ್ಕೆ ಎರಡು ತಾಸು ಕೂರುತ್ತಾನೆಂದರೆ ಅವನಿಗೆ ಮಾಡಲು ಬೇರೆ ಕೆಲಸವಿಲ್ಲವೆಂದೇ ಜನ ತಿಳಿಯುತ್ತಾರೆ. ನನಗೆ ಕೆಲಸವಿದೆ. ಜೋಗುಪಾಳ್ಯದ ಈ ಓಣಿಯಲ್ಲಿ ಇಪ್ಪತ್ತಾರು ವರ್ಷದಿಂದ ಕನ್ನಡಕದ ಅಂಗಡಿ ಇಟ್ಟಿದ್ದೇನೆ. ಬೋರ್ಡಿನ ಮೇಲೆ ಬಸವಪ್ರಭು ಆಪ್ಟಿಕಲ್ಸ್ ಎಂದು ಬರೆಸಿದೆ, ಅದರಲ್ಲಿ ಎರಡು ಅಕ್ಷರ ಉದುರಿವೆ. ಎದುರಿಗೆ ಇನಾಯತ್ ಉಲ್ಲಾನ ಗಾಳದ ಅಂಗಡಿ. ಮಧ್ಯಾಹ್ನದ ಬಿಸಿಲು ನನ್ನ ಅಂಗಡಿಗೆ ನೇರ ಹೊಡೆಯುತ್ತದೆ, ಅವನದಕ್ಕೆ ಹೊಡೆಯುವುದಿಲ್ಲ. ನಮ್ಮ ಸ್ನೇಹ ಶುರುವಾದದ್ದು ಇಷ್ಟಕ್ಕೇ.

ಇನಾಯತ್‌ನ ಗಿರಾಕಿಗಳಲ್ಲಿ ಹೆಚ್ಚಿನವರು ಇಂದಿರಾನಗರದ ಕಡೆಯ ಹುಡುಗರು. ಶನಿವಾರ ಕಾರು ಹತ್ತಿ ಸಮುದ್ರಕ್ಕೋ ಯಾವುದೋ ಡ್ಯಾಮಿಗೋ ಹೋಗಿ, ದೋಣಿಯಲ್ಲಿ ನಿಂತು ಸೀಸದ ಮೀನೊಂದನ್ನು ದಾರಕ್ಕೆ ಕಟ್ಟಿ ನೇರ ತಳಕ್ಕೆ ಬಿಡುತ್ತಾರಂತೆ. ಅದನ್ನು ಎತ್ತುವುದು, ಬೀಳಿಸುವುದು, ಮತ್ತೆ ಎತ್ತುವುದು. ಇದಕ್ಕೆ ಜಿಗ್ಗಿಂಗ್ ಎಂದು ಹೆಸರು. ಸೀಸ ಕೆಳಗೆ ಬೀಳುವಾಗಲೇ ಮೀನು ಬಂದು ಮುಟ್ಟುವುದರಿಂದ, ಆ ಮುಟ್ಟಿದ್ದು ಅಷ್ಟು ಆಳದಿಂದ ಕೈಗೆ ತಿಳಿಯಬೇಕು. ಹಾಗಾಗಿ ಗಾಳದ ಕೋಲು ಹಗುರವಿರಬೇಕು, ಸೂಕ್ಷ್ಮವಿರಬೇಕು. ಎಲ್ಲರೂ ಕೇಳುವುದು ಇದನ್ನೇ. ಯಾವ ಕೋಲು ಸೂಕ್ಷ್ಮ ಎಂದು ನೋಡಲು ಇನಾಯತ್ ಒಂದು ಪರೀಕ್ಷೆ ಇಟ್ಟುಕೊಂಡಿದ್ದಾನೆ, ಅದಕ್ಕೆ ಬೇಕಾದ ಸಲಕರಣೆ ನನ್ನ ಗಂಟಲು.

ಗಿರಾಕಿ ಹಿಡಿಕೆ ಹಿಡಿದು ನಿಲ್ಲುತ್ತಾನೆ. ಕೋಲಿನ ತುದಿಯನ್ನು ಇನಾಯತ್ ನನ್ನ ಗಂಟಲಿಗೆ ತಾಗಿಸಿ, “ಮಾತಾಡಿ ಪ್ರಭುಗಳೇ” ಅನ್ನುತ್ತಾನೆ. ನಾನು ಬಸ್ ಸ್ಟಾಪುಗಳ ಹೆಸರು ಹೇಳುತ್ತೇನೆ. ಹಲಸೂರು, ಟ್ರಿನಿಟಿ, ಮೇಯೋಹಾಲ್. ಒಳ್ಳೆಯ ಕೋಲಾದರೆ ನನ್ನ ಗಂಟಲ ನಡುಕ ಆರಡಿ ದಾಟಿ ಗಿರಾಕಿಯ ಬೆರಳಿಗೆ ತಲುಪುತ್ತದೆ, ಅವನ ಹುಬ್ಬು ಮೇಲೇರುತ್ತದೆ. ಕಳಪೆ ಕೋಲು ಮೂಕ. ಮದುವೆಯಾಗಿ ಮೂವತ್ತು ವರ್ಷವಾದರೂ ನನ್ನ ಮಾತಿಗೆ ಇಷ್ಟು ಬೆಲೆ ಮನೆಯಲ್ಲಿ ಸಿಕ್ಕಿಲ್ಲ.

ಅಮರಪ್ಪ ನಮ್ಮ ಓಣಿಗೆ ಬಂದದ್ದು ರಸ್ತೆ ಒಡೆಯಲು. ಪೈಪು ಹಾಕುತ್ತೇವೆಂದು ಯಾರೋ ಸುಣ್ಣದ ಗೆರೆ ಎಳೆದು ಹೋದರು. ಮರುದಿನದಿಂದ ಎರಡೂ ಅಂಗಡಿಗಳ ನಡುವೆ ಈತ ಬ್ರೇಕರ್ ಮಷೀನು ಹಿಡಿದು ನಿಂತ. ಮೂರು ದಿನ ನನ್ನ ಫ್ರೇಮುಗಳೆಲ್ಲ ರ‍್ಯಾಕಿನಲ್ಲಿ ಕುಣಿದವು. ಮೂರನೆಯ ದಿನ ತಡೆಯಲಾರದೆ ಬಯ್ಯುವುದಕ್ಕೆಂದೇ ಹೊರಗೆ ಬಂದೆ. ನನ್ನನ್ನು ನೋಡಿ ಆತ ಮಷೀನು ನಿಲ್ಲಿಸಿದ. ಐವತ್ತರ ಆಸುಪಾಸಿನ, ಮೈಯೆಲ್ಲ ಧೂಳು ಮೆತ್ತಿದ ಮನುಷ್ಯ. ನಾನು ಬಾಯಿ ತೆರೆಯುವ ಮೊದಲೇ ಇನಾಯತ್‌ನ ಅಂಗಡಿಯ ಗಾಜಿನ ಕಡೆ ಕೈ ತೋರಿಸಿ ಕೇಳಿದ:

“ಆ ಕೋಲು ಇಷ್ಟು ಗಿಡ್ಡ ಯಾಕದಾವ್ರಿ?”

ನಾನು ಜೇವರ್ಗಿ ಕಡೆಯವನು. ಈ ಊರಿನಲ್ಲಿ ನನ್ನ ಕನ್ನಡ ಕಲಬೆರಕೆಯಾಗಿ ಹೋಗಿದೆ. ಆ ‘ಅದಾವ್ರಿ’ ಕೇಳಿದ್ದೇ ನನ್ನ ಸಿಟ್ಟು ಇಳಿದುಹೋಯಿತು. ಬೈಗುಳವನ್ನು ನುಂಗಿಕೊಂಡು, “ದೋಣ್ಯಾಗ ಕುಂತು ಸೀದಾ ಕೆಳಗ ಬಿಡಾಕ. ಉದ್ದ ಇದ್ರ ಅಡ್ಡಾಗ್ತದ” ಎಂದೆ. ಇನಾಯತ್ ಹೇಳಿದ್ದನ್ನೇ ಒಪ್ಪಿಸಿದೆ, ನನಗೇನು ಗೊತ್ತು.

“ಹರಗೋಲದಾಗೂ ಆಗ್ತೈತೇನ್ರಿ?”

ಅದು ನನಗೆ ತಿಳಿಯದು. ಭಾನುವಾರ ಬಾ, ಅಂಗಡಿಯವನನ್ನೇ ಕೇಳೋಣ ಎಂದೆ.

ಭಾನುವಾರ ಹನ್ನೊಂದಕ್ಕೆ ಬಿಳಿ ಅಂಗಿ ತೊಟ್ಟು ಕೆ.ಆರ್. ಪುರದಿಂದ ಬಸ್ಸು ಹಿಡಿದು ಬಂದ. ಅಲ್ಲಿ ಸ್ಟೇಷನ್ನಿನ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದಾರೆ. ಊರು ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ದಂಡೆ. ಅಂಬಿಗರ ಮನೆತನ, ಹುಟ್ಟಿದಾಗಿನಿಂದ ಹೊಳೆ ಕಂಡವನು. ಅವರಲ್ಲಿ ಹರಗೋಲದಲ್ಲಿ ಕೂತು ದಾರಕ್ಕೆ ಸೀಸ ಕಟ್ಟಿ ಕೆಳಗೆ ಬಿಡುವುದು ಅಪ್ಪನ ಕಾಲದಿಂದ ಇದೆಯಂತೆ, ಆದರೆ ಕೋಲಿಲ್ಲ, ಬರಿಗೈ. ತೋರುಬೆರಳ ಮೇಲೆ ದಾರ ಹಾಯುತ್ತದೆ, ಬಾಳೆ ಮೀನು ಬಂದು ಬರೀ ಮೂತಿ ತಾಗಿಸಿದರೂ ಬೆರಳು ಹೇಳುತ್ತದೆ. ಇನಾಯತ್ ಗಲ್ಲಾ ಬಿಟ್ಟು ಈಚೆ ಬಂದು ಕೂತ. ಅಪ್ಪ ಮಕ್ಕಳು ಸೇರಿ ಸೀಸವನ್ನು ಎಷ್ಟು ಎತ್ತುತ್ತಿದ್ದರು, ಎಷ್ಟು ಹೊತ್ತು ತಡೆಯುತ್ತಿದ್ದರು ಎಂದು ಒಂದೊಂದನ್ನೇ ಕೇಳಿ ತಿಳಿದುಕೊಂಡ. ಅವನು ಗಿರಾಕಿಯಿಂದ ಪಾಠ ಹೇಳಿಸಿಕೊಂಡದ್ದನ್ನು ನಾನು ಅಂದೇ ಕಂಡದ್ದು.

“ಬರಿಗೈಲೇ ಅಷ್ಟು ತಿಳಿಯೋರಿಗೆ ರಾಡ್ ಯಾಕಣ್ಣ?” ಎಂದು ಇನಾಯತ್ ಕೇಳಿದ.

ಅಮರಪ್ಪ ಗೋಡೆಗೆ ಒರಗಿದ್ದ ಕೋಲುಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ಎತ್ತಿಕೊಂಡ. “ಇದು ಗಟ್ಟಿ ಐತಿ” ಎಂದ. ಅದು ಗಾಜಿನ ನಾರಿನದು, ತೊಲೆಯಂಥದು. ಇನಾಯತ್ ತಲೆಯಾಡಿಸಿ ಕಾರ್ಬನ್ನಿನದೊಂದನ್ನು ಕೊಟ್ಟ. ಎರಡು ಕೋಳಿಮೊಟ್ಟೆಯಷ್ಟೂ ತೂಗದ ಕೋಲು. ಅದನ್ನು ಅಮರಪ್ಪ ಎರಡೂ ಕೈಯಲ್ಲಿ ಗಬಕ್ಕನೆ ಹಿಡಿದ ರೀತಿಗೆ ನನಗೆ ನಗು ಬಂತು. ತುದಿ ನನ್ನ ಗಂಟಲಿಗೆ ಬಂತು, ನಾನು ಹಲಸೂರಿನಿಂದ ಶುರು ಮಾಡಿದೆ.

“ಗೊತ್ತಾತೇನು?”

“ಹೂಂ, ಗೊತ್ತಾತ್ರಿ.”

ಅವನು ಹಾಗೆಂದಾಗ ಕಣ್ಣು ನನ್ನ ತುಟಿಯ ಮೇಲಿತ್ತು. ಈ ನೋಟ ನನಗೆ ಚೆನ್ನಾಗಿ ಗೊತ್ತು. ಕಣ್ಣು ಮಂಜಾದವರು ನನ್ನ ಅಂಗಡಿಗೆ ಬಂದಾಗ ಮುಂದೆ ಕೂತವನು ಓದುವುದನ್ನು ಬಾಯಿಪಾಠ ಮಾಡಿಕೊಂಡು, ತಮ್ಮ ಸರದಿಯಲ್ಲಿ ಫಲಕದ ಅಕ್ಷರ ಪಟಪಟ ಹೇಳುತ್ತಾರೆ. ಅವರನ್ನು ಹಿಡಿಯಲು ನಾನು ಫಲಕವನ್ನೇ ತಿರುಗಿಸಿಡುತ್ತೇನೆ. ಇಲ್ಲೂ ಕೈ ತುರಿಸಿತು. ಹೊರಗೆ ಲಾರಿಯೊಂದು ಹಿಂದೆ ಸರಿಯುತ್ತ ಗದ್ದಲ ಎಬ್ಬಿಸಿತ್ತು. ನಾನು ದನಿ ತೆಗೆಯದೆ ಬರೀ ತುಟಿ ಆಡಿಸಿದೆ.

“ಹೂಂ” ಎಂದ ಅಮರಪ್ಪ, “ಈಗ ಚಲೋ ಗೊತ್ತಾಗಾಕತ್ತೈತಿ.”

ಇನಾಯತ್ ನನ್ನ ಮುಖ ನೋಡಿದ. ಅವನ ನೋಟವನ್ನೂ ನನ್ನ ಮುಚ್ಚಿದ ಬಾಯನ್ನೂ ಅಮರಪ್ಪ ಕಂಡ. ಕೋಲನ್ನು ಮೆಲ್ಲಗೆ ಗೋಡೆಗೊರಗಿಸಿ, “ಬರ್ತೀನ್ರಿ” ಎಂದು ಹೊರಟೇಬಿಟ್ಟ. ನಾನು ಜಾಣನಾಗಲು ಹೋಗಿ ಕತ್ತೆಯಾಗಿದ್ದೆ. ನನಗೆ ನಾಚಿಕೆಯಾಯಿತು. ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ಓಡಿ, ಮೂಲೆಯ ಚಹಾ ಅಂಗಡಿಯಲ್ಲಿ ಹಿಡಿದು ನಿಲ್ಲಿಸಿದೆ.

“ತಪ್ಪಾತು” ಎಂದೆ.

“ನಿಮ್ಮದೇನ್ ತಪ್ಪೈತ್ರಿ. ತಿಳ್ಕೊಳ್ಳಾಕಂತ ಬಂದಿದ್ದೆ, ತಿಳೀತು.”

ಹನ್ನೊಂದು ವರ್ಷ ಬ್ರೇಕರ್ ಹಿಡಿದು ಬೆರಳುಗಳು ಸತ್ತಿವೆ ಎಂದ. ಮೊದಲು ಜುಮುಜುಮು, ಆಮೇಲೆ ಅದೂ ಇಲ್ಲ. ಹೋದ ಬೇಸಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಮಗ ಲಕ್ಷ್ಮಿಕಾಂತನ ಜೊತೆ ಹರಗೋಲ ಹತ್ತಿದ್ದ. ದಾರ ಇವನ ಬೆರಳ ಮೇಲೆಯೇ ಇತ್ತು. ಮೀನು ಕಚ್ಚಿ, ಎಳೆದು, ದಾರ ಓಡುತ್ತಿದ್ದರೂ ಇವನು ದಂಡೆಯ ಕಡೆ ನೋಡುತ್ತ ಕೂತಿದ್ದನಂತೆ.

“ಲಕ್ಷ್ಮಿಕಾಂತ ಬೈಲಿಲ್ರಿ. ನಗಲೂ ಇಲ್ಲ. ನನ್ನ ಕೈಯಾಗಿಂದ ದಾರ ತಗೊಂಡು ಹುಟ್ಟು ಕೊಟ್ಟ. ಅವತ್ತಿಂದ ನಂದು ಬರೇ ಹುಟ್ಟು ಹಾಕೂದು. ಮುಂದಿನ ತಿಂಗಳು ಮತ್ತ ಹೊಂಟೀನಿ. ಯಂತ್ರದಂಥಾ ಕೋಲು ಇದ್ರ ಗೊತ್ತಾದೀತೇನೋ ಅಂತ ಒಂದು ಆಸೆ ಇತ್ತು. ಆಗೂದಿಲ್ಲಂದ್ರ ಇಲ್ಲ, ಹುಟ್ಟೇ ಹಾಕ್ತೀನಿ.”

ಹೇಳುತ್ತಿದ್ದಾಗಲೇ ಅವನ ಕೈಯಲ್ಲಿದ್ದ ಕಾಗದದ ಕಪ್ಪು ನುಗ್ಗಾಗಿ ಬಿಸಿ ಚಹಾ ಬೆರಳ ಮೇಲೆ ಹರಿಯಿತು. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನಾನು ತೋರಿಸಿದ ಮೇಲೆ ಅಂಗಿಗೆ ಒರೆಸಿಕೊಂಡ. ಕಪ್ಪನ್ನು ಅಷ್ಟು ಬಿಗಿಯಾಗಿ ಹಿಡಿದದ್ದೇ ಅವನಿಗೆ ತಿಳಿದಿರಲಿಲ್ಲ. ಮುಂದಿನ ಭಾನುವಾರ ಬರದಿದ್ದರೆ ನಾನೇ ಕೆ.ಆರ್. ಪುರಕ್ಕೆ ಬಂದು ಎಳೆದು ತರುತ್ತೇನೆಂದು ಹೇಳಿ ಕಳಿಸಿದೆ.

ಸಂಜೆ ಇನಾಯತ್‌ಗೆ ಕಪ್ಪಿನ ವಿಷಯ ಹೇಳಿದೆ. ಅವನು ಬಹಳ ಹೊತ್ತು ಗಡ್ಡ ಕೆರೆದುಕೊಂಡ. “ಹಂಗಾದ್ರೆ ಕೈ ಪೂರಾ ಸತ್ತಿದ್ಯೋ, ಇಲ್ಲಾ ಗಟ್ಟಿ ಹಿಡ್ದು ಹಿಡ್ದು ಇರೋದನ್ನೂ ಸಾಯಿಸ್ತಿದಾರೋ? ಬಿಗಿಯಾಗ್ ಹಿಡಿದ್ರೆ ಎಂಥಾ ರಾಡೂ ಮೂಕಾನೇ ಪ್ರಭುಗಳೇ” ಎಂದ. ವಾರವಿಡೀ ಇಬ್ಬರಿಗೂ ಅದೇ ಧ್ಯಾನ. ಅವನಿಗಿಂತ ನನಗೆ ಜಾಸ್ತಿ; ನಾನು ಒಂದು ಪಾಪ ಕಳೆದುಕೊಳ್ಳಬೇಕಿತ್ತು.

ಭಾನುವಾರ ಅಮರಪ್ಪ ಬಂದ, ಹಿಂದೆಯೇ ಹೆಂಡತಿ ಅಮೃತಮ್ಮ. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಚೆಕ್ ಮಾಡುವ ಕೆಲಸ ಆಕೆಯದು, ವಾರಕ್ಕೆ ಸಿಗುವುದು ಒಂದೇ ರಜೆ. ಮುಖ ಗಂಟು ಹಾಕಿಕೊಂಡಿದ್ದಳು. “ಮನ್ಯಾಗ ನಾಕು ಮಾತಾಡಾಕ ಪುರಸೊತ್ತಿಲ್ಲ ಇವರಿಗೆ. ಇಲ್ಲೇನೈತಂತ ನೋಡಾಕ ಬಂದೀನಿ” ಎಂದು ಸ್ಟೂಲಿನ ಮೇಲೆ ಕೂತಳು. ಬೆರಳಿನ ಸುದ್ದಿ ಆಕೆಗೆ ಗೊತ್ತಿಲ್ಲವೆಂದು ನನಗೆ ಆಗ ಅಂದಾಜಾಯಿತು. ನಾನು ಬಾಯಿ ಬಿಡಲಿಲ್ಲ, ಒಮ್ಮೆ ಸುಟ್ಟುಕೊಂಡಿದ್ದು ಸಾಕಾಗಿತ್ತು.

ಇನಾಯತ್ ಈ ಸಲ ಗಂಟಲಿನ ಪರೀಕ್ಷೆ ಬಿಟ್ಟ. ಅಂಗಡಿಯ ಒಳಗೆ ಸಾಮಾನು ಇಡುವ ಅಟ್ಟವಿದೆ. ಅಮರಪ್ಪನನ್ನು ಏಣಿ ಹತ್ತಿಸಿ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕೂರಿಸಿದ. ಕೋಲಿನಿಂದ ದಾರ ಇಳಿಬಿಟ್ಟು, ಕೆಳಗೆ ನೀರು ತುಂಬಿದ ಬಕೆಟ್ಟಿನಲ್ಲಿ ಸೀಸದ ಮೀನು ಮುಳುಗಿಸಿದ. ಮೇಲಿದ್ದವನಿಗೆ ಕೆಳಗಿನದು ಕಾಣುವುದಿಲ್ಲ. ಕೆಳಗಿನವರು ದಾರ ಮುಟ್ಟಿದಾಗ ಅವನು ‘ಈಗ’ ಎನ್ನಬೇಕು, ಅಷ್ಟೇ.

ದಪ್ಪನೆಯ ಕೋಲಿಗೆ ಒಂದು ‘ಈಗ’ವೂ ಬರಲಿಲ್ಲ. ಕಾರ್ಬನ್ನಿನದಕ್ಕೂ ಇಲ್ಲ. ನಾನು ದಾರ ಹಿಡಿದು ಎಳೆದೆ, ಅಟ್ಟ ಸುಮ್ಮನಿತ್ತು. ಅಮೃತಮ್ಮ ಬಕೆಟ್ಟನ್ನೂ ಅಟ್ಟವನ್ನೂ ನೋಡಿ, “ಏನ್ರಿ ಇದು?” ಎಂದಳು.

ಇನಾಯತ್ ಏಣಿ ಹತ್ತಿ ಹೋಗಿ ಅಮರಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಹೇಳಿದ್ದು ನಮಗೆ ಕೆಳಗೆ ಕೇಳಿಸಿತು. “ಇದು ಬ್ರೇಕರ್ ಅಲ್ಲ ಅಣ್ಣ. ಕೈ ಬಿಟ್ರೆ ಕಾಲ್ ಮೇಲೆ ಬೀಳಲ್ಲ. ಅದಕ್ಕೆ ತೂಕಾನೇ ಇಲ್ಲ, ಹಿಡಿಯೋದೇ ಬೇಡ, ಸುಮ್ನೆ ಮಲಗಿಸ್ಕೊಳ್ಳಿ. ಹಿಂದಿನ ತುದಿ ಮೊಣಕೈ ಹತ್ರ ತಾಗಿಸಿ. ಹಾಂ. ಬೆರಳನ್ನ ಮರ್ತುಬಿಡಿ.”

ಇನಾಯತ್ ಕೆಳಗಿಳಿದು ಬಂದು ದಾರವನ್ನು ಉಗುರಿನಿಂದ ತಟ್ಟಿದ. ಇನ್ನೊಮ್ಮೆ ತಟ್ಟಿದ.

“ಈಗ?” ಅಂದ ಅಮರಪ್ಪ. ಹೇಳಿದಂತೆಯೂ ಇತ್ತು, ಕೇಳಿದಂತೆಯೂ ಇತ್ತು.

ನನಗೆ ನಂಬಿಕೆ ಬರಲಿಲ್ಲ. ಊಹೆಯಿಂದ ಹೇಳಿರಬಹುದು. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ ಮುಟ್ಟಿದೆ. “ಈಗ.” ಮುಟ್ಟದೆ ಸುಮ್ಮನೆ ನಿಂತೆ. ಮೇಲೂ ಸುಮ್ಮನೆ. ಮುಟ್ಟಿದೆ. “ಈಗ. ಮೊಣಕೈಗೆ ಬರ್ತೈತ್ರಿ, ಬೆರಳಿಗಿಲ್ಲ. ಮೊಣಕೈಗೆ.” ನಾನು ಚಪ್ಪಾಳೆ ತಟ್ಟಿಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಮೀನೇ ತಿನ್ನದವನು ನಾನು.

ಇನಾಯತ್ ಬಾಯಿ ಬಿಡದೆ ಅಮೃತಮ್ಮನಿಗೆ ದಾರದ ಕಡೆ ಕೈ ತೋರಿಸಿದ. ಆಕೆ ಎದ್ದು ಬಂದು, ದಾರವನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ, ಬಿಟ್ಟಳು.

“ಇದು ನಮ್ಮಾಕಿ” ಎಂದ ಅಮರಪ್ಪ.

ಬಳೆಯ ಸದ್ದು ಕೇಳಿಸಿರಬೇಕೆಂದು ನಾನು ಸನ್ನೆ ಮಾಡಿದೆ. ಆಕೆ ಬಳೆಗಳನ್ನು ಮೇಲಕ್ಕೆ ಸರಿಸಿ ಸೆರಗಿನಿಂದ ಸುತ್ತಿಕೊಂಡಳು. ನಾನು ಒಮ್ಮೆ ಮುಟ್ಟಿದೆ, ಇನಾಯತ್ ಒಮ್ಮೆ, ಕೊನೆಗೆ ಆಕೆ. “ಇವರಲ್ಲ. ಇವರೂ ಅಲ್ಲ. ಇದು ಅಕಿ” ಎಂದ ಅಮರಪ್ಪ. ಹೇಗೆ ತಿಳಿಯಿತೆಂದು ನಾನು ಕೂಗಿ ಕೇಳಿದೆ.

“ಅಕಿ ದಾರ ಹಿಡಿದ್ರ ಎರಡು ಸಲ ಜಗ್ಗತಾಳ್ರಿ. ಹೊಲಿಗಿ ಬಿಗಿ ಐತೋ ಇಲ್ಲೋ ಅಂತ ನೋಡೂ ಚಾಳಿ. ಮದಿವಿ ಆದ ಹೊಸದಾಗ ನನ್ನ ಕೈನೂ ಹಂಗ ಎರಡು ಸಲ ಜಗ್ಗತಿದ್ಲು.”

ಅಮೃತಮ್ಮ ದಾರ ಬಿಡಲಿಲ್ಲ. ಮೇಲೆ ನೋಡದೆ, ಬಕೆಟ್ಟಿನ ನೀರು ನೋಡುತ್ತ ಕೇಳಿದಳು.

“ಈಗ ಜಗ್ಗಿದ್ರ ಕೈಗೆ ಗೊತ್ತಾಗೂದಿಲ್ಲೇನು?”

“ಇಲ್ಲ.”

“ಎಷ್ಟು ದಿನ ಆತು?”

“ಮೂರು ವರ್ಷ ಆಗಿರಬೇಕು.”

“ಮೂರು ವರ್ಷ ನಾನು ಕೈ ಹಿಡಿದ್ರ ಹೊಳ್ಳಿ ಹಿಡೀಲಿಲ್ಲ ನೀವು. ನನ್ನ ಮ್ಯಾಲ ಮನಸಿಲ್ಲಂತ ತಿಳ್ಕೊಂಡಿದ್ದೆ. ಒಂದು ಮಾತು ಹೇಳಬಾರದಿತ್ತೇನು ನನಗ?”

ಇನಾಯತ್ ಬಾಗಿಲ ಕಡೆ ತಿರುಗಿ ನಿಂತ, ನಾನೂ ಹೊರಗಿನ ರಸ್ತೆ ನೋಡಿದೆ. ಹಿಂದಿನಿಂದ ಆಕೆ ದಾರ ಜಗ್ಗಿದ ಸಣ್ಣ ಸದ್ದು ಕೇಳಿಸಿತು, ಎರಡು ಸಲ.

“ಹೂಂ” ಎಂದ ಅಮರಪ್ಪ ಮೇಲಿನಿಂದ.

ಆಕೆ ಮತ್ತೆ ಜಗ್ಗಿದಳು.

“ಹೂಂ” ಎಂದ.