ಖಾನಾಪುರದ ಬಾಡಿಗೆ ಮನೆಯಲ್ಲಿ ಹೇಳಿದ ಸುಳ್ಳು

ಬೆಳಗಾವಿಯಿಂದ ಖಾನಾಪುರದ ಸಣ್ಣ ಸಾಲೆಗೆ ಮಿಷನ್ನಿನವರು ನನ್ನನ್ನು ಕಳಿಸಿದಾಗ ಮಗಳಿಗೆ ಇನ್ನೂ ಎರಡು ತುಂಬಿರಲಿಲ್ಲ. ವಾರವೆಲ್ಲ ಮಕ್ಕಳಿಗೆ ಅಕ್ಷರ ಕಲಿಸುವುದು, ಆದಿತ್ಯವಾರ ಅಲ್ಲಿದ್ದ ನಾಲ್ಕೈದು ಕ್ರೈಸ್ತ ಮನೆಯವರನ್ನು ಕೂಡಿಸಿ ಪ್ರಾರ್ಥನೆ ನಡೆಸುವುದು, ಇದು ನನ್ನ ಕೆಲಸ. ಎರಡು ಟ್ರಂಕು, ಬೀಸುಕಲ್ಲು, ಹಾಸಿಗೆ ಚಕ್ಕಡಿಗೆ ಹೇರಿ ಹೊರಟೆವು. ಪೀರನವಾಡಿ ದಾಟುವವರೆಗೂ ಹೆಂಡತಿ ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದಳು.

ಖಾನಾಪುರದ ಪೇಟೆಯಲ್ಲಿ ಕಿವಿಗೆ ಬೀಳುತ್ತಿದ್ದುದು ಹೆಚ್ಚಾಗಿ ಮರಾಠಿ. ಹೆಂಡತಿಗೆ ಅದು ಬಾರದು. ಮನೆ ಕೇಳಲು ಹೋದಲ್ಲೆಲ್ಲ ಮೊದಲು ಜಾತಿ ಕೇಳಿದರು, ಆಮೇಲೆ ಜಾಗವಿಲ್ಲ ಎಂದರು. ಮೂರು ದಿನ ಸಾಲೆಯಲ್ಲೇ ಮಲಗಿದೆವು. ಕೊನೆಗೆ ಜೈನರ ಒಬ್ಬ ವಿಧವೆ, ವಯಸ್ಸಾದವರು, ತಮ್ಮ ಮನೆಯ ಹಿಂದಿನ ಎರಡು ಖೋಲಿ ಕೊಡಲು ಒಪ್ಪಿದರು.

“ನಂದು ಒಂದ ಮಾತ ನೋಡ್ರಿ ಮಾಸ್ತರ,” ಎಂದರು. “ಮನ್ಯಾಗ ಮಾಂಸ, ತತ್ತಿ ತರಬ್ಯಾಡ್ರಿ. ನಿಮ್ಮ ದೇವರನ್ನ ನೀವು ಹೆಂಗ ಬೇಕೋ ಹಂಗ ಬೇಡ್ಕೋರಿ, ನಾ ಏನೂ ಅನ್ನೂದಿಲ್ಲ.”

“ಆತ್ರಿ ಅವ್ವಾರ, ಮಾತ ಕೊಟ್ಟೆ,” ಎಂದೆ.

ಬಾಜು ಮನೆಯಲ್ಲಿದ್ದ ಅವರ ಮೈದುನನಿಗೆ ನಾವು ಬಂದದ್ದು ಸೇರಲಿಲ್ಲ. ಅವರು ಅವನ ಮಾತಿಗೆ ಸೊಪ್ಪು ಹಾಕಲಿಲ್ಲ. ಬಾವಿಯ ನೀರನ್ನು ತಾವೇ ಸೇದಿ, ಅರಿವೆಯಲ್ಲಿ ಸೋಸಿ ನಮ್ಮ ಕೊಡಕ್ಕೆ ಮೇಲಿನಿಂದ ಸುರಿಯುತ್ತಿದ್ದರು. ಮಳೆಗಾಲದಲ್ಲಿ ಹೆಂಡತಿ ಚಳಿಜ್ವರದಿಂದ ಮಲಗಿದಾಗ ಹದಿನೈದು ದಿನ ಗಂಜಿ ಕಾಸಿ ತಂದುಕೊಟ್ಟರು. ಮಗಳನ್ನು ಎತ್ತಿ ಆಡಿಸುತ್ತಿದ್ದರು, ಆಮೇಲೆ ಸ್ನಾನ ಮಾಡಿಯೇ ಒಳಗೆ ಹೋಗುತ್ತಿದ್ದರು. ನನಗೆ ಆ ಸ್ನಾನವಷ್ಟೇ ಕಣ್ಣಿಗೆ ಬೀಳುತ್ತಿತ್ತು.

ಆ ವರ್ಷ ಕ್ರಿಸ್ಮಸ್ಸಿಗೆ ನನ್ನ ಅಣ್ಣ ಬೆಳಗಾವಿಯಿಂದ ರೈಲಿನಲ್ಲಿ ಬಂದ. ಅವನು ಅಲ್ಲಿನ ದಂಡಿನ ಕ್ಯಾಂಪಿನ ಒಬ್ಬ ಸಾಹೇಬರ ಬಂಗಲೆಯಲ್ಲಿ ಬಟ್ಲರ್. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಕುರಿಮಾಂಸ.

“ಇಲ್ಲಿ ಇದನ್ನ ಮಾಡಾಕ ಬರೂದಿಲ್ಲಣ್ಣ,” ಎಂದೆ.

ಅವನು ನಕ್ಕ. “ಯೇಸುಸ್ವಾಮಿ ಹುಟ್ಟಿದ ದಿವ್ಸನೂ ಅವರನ್ನ ಕೇಳಿ ಉಣ್ಣಬೇಕೇನೊ? ನಿನ್ನ ಕೈ ಮುಟ್ಟಿದ್ರ ಮೈಲಿಗಿ ಆಗ್ತೈತಿ ಅನ್ನವ್ರಿಗೆ ನೀ ಹೆದರ್ತಿ?”

ಹೆಂಡತಿ ಮೆಲ್ಲಗೆ, “ಮಾತ ಕೊಟ್ಟೀವಲ್ಲರಿ,” ಎಂದಳು. ಊಟದಿಂದ ಇನ್ನೊಬ್ಬರ ಮನಸ್ಸು ನೋಯುವುದಾದರೆ ಆ ಊಟವನ್ನೇ ಬಿಡಬೇಕು ಎಂದು ಬೈಬಲ್ಲಿನಲ್ಲಿ ಬರುವ ಅಪೊಸ್ತಲನ ಬೋಧನೆಯನ್ನು ಎರಡು ತಿಂಗಳ ಹಿಂದಷ್ಟೇ ನಾನೇ ಸಭೆಗೆ ವಿವರಿಸಿದ್ದೆ. ಅದು ನೆನಪಿಗೆ ಬರಲಿಲ್ಲ ಎಂದು ಹೇಳಲಾರೆ. ಬಂದಿತ್ತು. ಅಣ್ಣನೆದುರು ಸಣ್ಣವನಾಗುವುದು ಮಾತ್ರ ನನಗೆ ಬೇಡವಾಗಿತ್ತು. “ಬಾಗಿಲ ಮುಚ್ಚಿ ಮಾಡು,” ಎಂದು ಹೆಂಡತಿಗೆ ಹೇಳಿದೆ.

ಅವ್ವಾರು ಬಸದಿಗೆ ಹೋಗಿದ್ದರು. ಅವರು ಮರಳುವ ಹೊತ್ತಿಗೆ ಮೈದುನ ಅಂಗಳದಲ್ಲಿ ನಿಂತು ಕೂಗಾಡುತ್ತಿದ್ದ. ಅವರು ನನ್ನನ್ನು ಹೊರಗೆ ಕರೆದು ಕೇಳಿದರು: “ಮಾಸ್ತರ, ಇಂವಾ ಏನೇನೋ ಅನ್ನಾಕತ್ಯಾನ. ಖರೇ ಏನ್ರಿ?”

“ಇಲ್ಲರಿ ಅವ್ವಾರ. ಮಸಾಲಿ ಹುರದೀವಿ, ಅದರ ವಾಸನಿ.”

ಅವರು ಮೈದುನನ ಕಡೆ ತಿರುಗಿದರು. “ಕೇಳಿದಿಲ್ಲೊ? ಮಾಸ್ತರು ತಮ್ಮ ಹಬ್ಬದ ದಿವ್ಸ ಸುಳ್ಳ ಹೇಳೂದಿಲ್ಲ. ಸುಮ್ಮನ ನಡಿ.”

ಆ ಕ್ಷಣದಲ್ಲಾದರೂ ನಿಜ ಹೇಳಬಹುದಿತ್ತು. ನಾನು ಒಳಗೆ ಬಂದು ಊಟಕ್ಕೆ ಕುಳಿತೆ, ಅಣ್ಣನ ಜೊತೆ ಸ್ತೋತ್ರವನ್ನೂ ಹೇಳಿದೆ.

ಮರುದಿನ ಬೆಳಿಗ್ಗೆ, ಹಿತ್ತಲಲ್ಲಿ ನಾವು ಹೂತಿದ್ದ ಎಲುಬನ್ನು ನಾಯಿ ಕೆದರಿ ಅವರ ಮುಂಬಾಗಿಲಿಗೇ ಒಯ್ದಿತ್ತು. ಅವ್ವಾರು ಕೂಗಾಡಲಿಲ್ಲ. ಬಂದು ಹೊಸ್ತಿಲಾಚೆ ನಿಂತರು.

“ಖರೇ ಹೇಳಿದ್ರ ಬೈತಿದ್ನಿ ಮಾಸ್ತರ, ಅಷ್ಟ. ಈಗ ನಾ ಆ ಮೈದುನಗ ಹೆಂಗ ಮಾರಿ ತೋರಿಸ್ಲಿ? ಬ್ಯಾರೆ ಮನಿ ನೋಡ್ಕೋರಿ.”

ಊರ ಹೊರಗೆ ಒಂದು ಹಂಚಿನ ಕೊಟ್ಟಿಗೆ ಸಿಕ್ಕಿತು. ಬಿಟ್ಟುಹೋಗುವ ದಿನ ಮಗಳು ಅವರ ಸೆರಗು ಬಿಡಲೊಲ್ಲದೆ ಅತ್ತಳು. ನಮ್ಮ ನಂತರ ಖೋಲಿ ಕೇಳಿಬಂದ ಇನ್ನೊಂದು ಕ್ರೈಸ್ತ ಕುಟುಂಬಕ್ಕೆ ಅವರು ಕೊಡಲಿಲ್ಲವೆಂದು ಆಮೇಲೆ ತಿಳಿಯಿತು.

ಪ್ರಾರ್ಥನೆಯಲ್ಲಿ ಎಷ್ಟೋ ಸಲ ಈ ಪಾಪವನ್ನು ಒಪ್ಪಿಕೊಂಡೆ. ದೇವರೆದುರು ಮೊಣಕಾಲೂರುವುದು ನನಗೆ ಹಗುರವಾಗಿತ್ತು. ಕಾಲುಗಂಟೆ ನಡೆದು ಆ ಅಂಗಳಕ್ಕೆ ಹೋಗುವುದು ಆಗಲಿಲ್ಲ. ಇಂದು ನಾಳೆ ಎನ್ನುವುದರಲ್ಲೇ ಎರಡು ವರ್ಷ ಕಳೆದು, ಬೆಳಗಾವಿಗೆ ಮರಳಿ ವರ್ಗವಾಯಿತು. ಅಲ್ಲಿಂದ ಅವ್ವಾರಿಗೆ ಪತ್ರ ಬರೆದೆ. ಅವರಿಗೆ ಓದಲು ಬಾರದು, ಮೈದುನನೇ ಓದಿ ಹೇಳಬೇಕು ಎಂದು ಹೊಳೆದಾಗ ಹರಿದುಹಾಕಿದೆ.

ಅವ್ವಾರು ತೀರಿಕೊಂಡ ಸುದ್ದಿಯನ್ನು ಖಾನಾಪುರದ ಬಳಿಯ ನಂದಗಡದ ವ್ಯಾಪಾರಿಯೊಬ್ಬ ಪೇಟೆಯಲ್ಲಿ ಸಿಕ್ಕಾಗ ಹೇಳಿದ. ಮನೆಗೆ ಬಂದು ಹೇಳಿದೆ. ಹೆಂಡತಿ ಒಲೆಯ ಮುಂದೆ ಬಹಳ ಹೊತ್ತು ಅತ್ತಳು. ಕ್ಷಮೆ ಬೇಡಿದವರಿಗೆ ಕ್ಷಮೆ ಉಂಟು ಎಂದು ಎಷ್ಟೋ ಜನರಿಗೆ ಧೈರ್ಯ ಹೇಳಿದ್ದೇನೆ. ಆ ತಾಯಿಯನ್ನು ನಾನು ಬೇಡಲೇ ಇಲ್ಲ.