ಬೀಗರೂಟದಲ್ಲಿ ಸರ್ಕಾರಿ ಕರ್ತವ್ಯ

ನಾಯಂಡಹಳ್ಳಿಯ ಮುನಿತಾಯಮ್ಮನವರಿಗೆ ಎಪ್ಪತ್ತು ವರ್ಷ. ನೆಂಟರ ಬೀಗರೂಟಗಳಲ್ಲಿ ಪಂಕ್ತಿಯ ಯಜಮಾನಿಕೆ ಅವರದೇ. ಅಲ್ಲಿ ಅತಿಯಾಡಿದವರ ಕೆನ್ನೆಯ ಮೇಲಿನ ಹಕ್ಕೂ ಅವರದೇ. ಕಳೆದ ಬುಧವಾರ ಅವರ ಅಣ್ಣನ ಮಗ, ಕಂದಾಯ ನಿರೀಕ್ಷಕ ಯೋಗಾನಂದ, "ಆಫೀಸರ್‌ಗೆ ಜಾಗ ಬಿಡ್ರಿ" ಎಂದು ಹೆಣ್ಣಿನ ಕಡೆಯ ಮುದುಕರೊಬ್ಬರನ್ನು ಎಬ್ಬಿಸಿ ಅವರ ಎಲೆಯ ಮುಂದೆ ತಾನು ಕುಳಿತ. ಮುದ್ದೆ ಮುರಿಯುವಷ್ಟರಲ್ಲಿ ಅತ್ತೆಯ ಏಟು ಬಿತ್ತು.

ಯೋಗಾನಂದ ನೇರವಾಗಿ ಠಾಣೆಗೆ ಹೋಗಿ, ಕರ್ತವ್ಯನಿರತ ಸರ್ಕಾರಿ ನೌಕರನ ಮೇಲೆ ಹಲ್ಲೆಯಾಗಿದೆ ಎಂದು ದೂರು ಬರೆದುಕೊಟ್ಟ. ಪೊಲೀಸರು ಮುನಿತಾಯಮ್ಮನವರನ್ನು ಕರೆಸಿದಾಗ, ಜೈಲಿಗೇ ಹೋಗಬೇಕಾದೀತು ಎಂದು ನೆಂಟರೆಲ್ಲ ಅವರ ಹಿಂದೆ ಠಾಣೆಗೆ ಬಂದರು.

"ಸುಮ್ನೆ ಹೊಡೆದ್ರೆ ಅದು ಬೇರೆ ಕೇಸು ಸಾರ್. ಸರ್ಕಾರಿ ಕೆಲ್ಸ ಮಾಡೋವಾಗ ತಡೆದು ಹೊಡೆದ್ರೆ ಮಾತ್ರ ನೀವು ಹೇಳೋ ಕೇಸು ಆಗೋದು. ಡ್ಯೂಟೀಲಿದ್ರಾ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಇದ್ದೆ. ಹಾಜರಿ ಪುಸ್ತಕದಲ್ಲಿ ಸೈನ್ ಹಾಕಿದೀನಿ."

"ಏನ್ ಕೆಲ್ಸ ಮಾಡ್ತಾ ಇದ್ರಿ?"

ಉತ್ತರಕ್ಕೆ ಮುನಿತಾಯಮ್ಮನವರೇ ನೆರವಿಗೆ ಬಂದರು.

"ಬರ್ಕೊಳ್ಳಿ ಸಾರ್. ಪಾಪ, ತಲೆಮಾಂಸದ ಸಾರಲ್ಲಿ ಮುದ್ದೆ ಅದ್ದುತಾ ಇದ್ದ."

"ಹಂಗೇ ಬರೀಲಾ ಸಾರ್?" ಎಂದು ಇನ್ಸ್‌ಪೆಕ್ಟರ್ ಯೋಗಾನಂದನನ್ನು ಕೇಳಿದರು.

ಯೋಗಾನಂದ ದೂರನ್ನು ಹಿಂದಕ್ಕೆ ಇಸಿದುಕೊಂಡು, ಆ ಮಧ್ಯಾಹ್ನಕ್ಕೆ ಅರ್ಧ ದಿನದ ರಜೆ ಬರೆಯಲು ಕಚೇರಿಗೆ ಓಡಿದ.